ಮೊಟ್ಟೆಯಾದ ಗಾಲಿ

ನೀವು ರಚಿಸಿದ ನಕ್ಷೆಯನ್ನು ಪಿಡಿಎಫ್ ಮಾಡಿ ಕಳುಹಿಸುವ ಮುನ್ನ, ಅದರಲ್ಲಿರುವ ವೃತ್ತವು ವೃತ್ತವಾಗಿಯೇ ಉಳಿದಿದೆಯೇ ಎಂದು ಒಮ್ಮೆಯಾದರೂ ಅಳೆದು ನೋಡಿದ್ದೀರಾ? ನಾನು ನೋಡಿರಲಿಲ್ಲ. ಆ ತಪ್ಪನ್ನು ಒಪ್ಪಿಕೊಳ್ಳುತ್ತಲೇ, ಅದನ್ನು ತಿದ್ದಿದ ಬಗೆಯನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಚನ್ನರಾಯಪಟ್ಟಣದಿಂದ ಬಾಗೂರಿನ ಕಡೆಗೆ ಹೋಗುವ ದಾರಿಯಲ್ಲಿದೆ ನಮ್ಮ ಊರು. ಅಲ್ಲಿನ ವಾಚನಾಲಯಕ್ಕೆ ಮೂರು ಮೆಟ್ಟಿಲು. ಅವನ್ನು ಹತ್ತಲಾಗದೆ ಕೆಳಗೇ ಉಳಿಯುತ್ತಿದ್ದವಳು ನಮ್ಮ ಬೀದಿಯ ಒಬ್ಬ ತರುಣಿ; ಗಾಲಿಕುರ್ಚಿಯಲ್ಲಿ ಓಡಾಡುತ್ತಾ ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಓದುತ್ತಿದ್ದಳು. ಅವಳು ಕೇಳಿದ ಪುಸ್ತಕವನ್ನು ಯಾರಾದರೂ ಹೊರಗೆ ತಂದುಕೊಡುತ್ತಿದ್ದರು. ಅದೇ ದೊಡ್ಡ ಉಪಕಾರವೆಂದು ನಾನೂ ಭಾವಿಸಿದ್ದೆ. ಒಂದು ದಿನ ಅವಳು ನಗುತ್ತಲೇ ಕೇಳಿದಳು: “ಪುಸ್ತಕ ತಂದ್ಕೊಡ್ತೀರಿ ಸರಿ ಅಣ್ಣ, ಬೀರೂನೂ ಹೊತ್ಕೊಂಡು ಬತ್ತೀರಾ? ಯಾವ ಪುಸ್ತಕ ಬೇಕು ಅಂತ ನೋಡಿದ್ಮೇಲೆ ತಾನೇ ಗೊತ್ತಾಗೋದು?”

ಹಾಸನದ ಕಾಲೇಜಿನಲ್ಲಿದ್ದಾಗ ಚರ್ಚಾಸ್ಪರ್ಧೆಗಳಲ್ಲಿ ಎದುರು ಪಕ್ಷದ ಬಾಯಿ ಮುಚ್ಚಿಸಿ ಬಂದವನು ನಾನು. ಆದರೆ ಈ ಪ್ರಶ್ನೆಗೆ ಬರಿಯ ಮಾತು ಸಾಲದು. ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ದಾರಿಯೊಂದನ್ನು ಕಟ್ಟಿಸುವುದೇ ಉತ್ತರವಾಗಬೇಕಿತ್ತು.

ಜಗಲಿಯ ಎತ್ತರ ಒಂದೂವರೆ ಅಡಿ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದವಿದ್ದರೆ, ಕುಳಿತವರು ತಮ್ಮ ತೋಳಿನ ಬಲದಿಂದಲೇ ಮೇಲೇರಬಹುದು. ಹಾಗಾಗಿ ಹದಿನೆಂಟು ಅಡಿ ಬೇಕು. ಪಂಚಾಯಿತಿಗೆ ಅರ್ಜಿಯೆಂದರೆ ಉದ್ದನೆಯ ಲೀಗಲ್ ಹಾಳೆ ಎಂಬುದು ನಮ್ಮಲ್ಲಿ ಹಳೆಯ ಅಭ್ಯಾಸ. ಆ ಹಾಳೆಯನ್ನು ಅಡ್ಡಲಾಗಿಟ್ಟುಕೊಂಡು, ಅಂಗುಲಕ್ಕೆ ಒಂದೂವರೆ ಅಡಿಯಂತೆ ಲ್ಯಾಪ್‌ಟಾಪಿನಲ್ಲಿ ನಕ್ಷೆ ಬರೆದೆ. ಇಳಿಜಾರಿನ ಮೇಲೆ ಒಂದು ಗಾಲಿಕುರ್ಚಿಯನ್ನೂ ಚಿತ್ರಿಸಿದೆ. ಅನುಮತಿ ದೊರೆತ ಮೇಲೆ, ಚನ್ನರಾಯಪಟ್ಟಣದ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ಮೇಸ್ತ್ರಿಗೆ ಕೊಡಲೆಂದು ಪುಟವನ್ನು ಉದ್ದ ಕಡಿಮೆಯಿರುವ ಎ-ಫೋರ್ ಅಳತೆಗೆ ಬದಲಿಸಿ ಪಿಡಿಎಫ್ ಮಾಡಿದೆ. ಜೊತೆಗಿದ್ದ ಒಕ್ಕಣೆಯನ್ನು ಮೂರು ಬಾರಿ ಓದಿ ತಿದ್ದಿದೆ. ಚಿತ್ರದ ಕಡೆಗೆ ಕಣ್ಣೆತ್ತಿಯೂ ನೋಡಲಿಲ್ಲ.

ಗಾರೆ ಮೇಸ್ತ್ರಿ ಹೊಳೆನರಸೀಪುರದ ಕಡೆಯ ಹಿರಿಯರು. ಕಾಗದದ ಅಂಕಿಗಳನ್ನು ನೋಡಿ ಕೆಲಸ ಮಾಡುವವರಲ್ಲ. ನಕ್ಷೆಯ ಗೆರೆಯ ಮೇಲೆ ದಾರ ಹಿಡಿದು, ಆ ದಾರದ ಉದ್ದವನ್ನು ಅಡಿಗೆ ಏರಿಸಿ, ನೆಲದಲ್ಲಿ ಗೂಟ ಹೊಡೆಯುವುದು ಅವರ ಪದ್ಧತಿ. ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಸುಣ್ಣದ ಗೆರೆ ಬಿದ್ದಾಗಿತ್ತು. ಟೇಪು ಹಿಡಿದು ನೋಡಿದೆ. ಹದಿನೈದೇ ಅಡಿ.

“ಹದಿನೆಂಟು ಅಂತ ಬರೆದಿದೆಯಲ್ಲ ಮೇಸ್ತ್ರಿ!” ಎಂದೆ.

“ಅಂಕಿ ಅಂಗೇಳ್ತದೆ ಸಾ, ಗೆರೆ ಇಂಗೇಳ್ತದೆ. ನಾನ್ ಯಾವುದ್ನ ನಂಬ್ಲಿ?” ಎನ್ನುತ್ತಾ ಅವರು ಜೇಬಿನಿಂದ ಹತ್ತು ರೂಪಾಯಿಯ ನಾಣ್ಯ ತೆಗೆದು ಚಿತ್ರದ ಗಾಲಿಯ ಮೇಲಿಟ್ಟರು. ನಾಣ್ಯ ಎರಡು ಪಕ್ಕಕ್ಕೂ ಒತ್ತಿಕೊಂಡಿತ್ತು; ಮೇಲೆ ಕೆಳಗೆ ಮಾತ್ರ ಜಾಗ ಉಳಿದಿತ್ತು. “ನೋಡಿ, ಗಾಲಿ ಕೋಳಿಮೊಟ್ಟೆ ಆಗೋಗದೆ. ಇದ್ರ ಮೇಲೆ ಕುಂತ್ರೆ ಆವಮ್ಮ ಕುಣ್ಕೊಂಡೇ ಓಗ್ಬೇಕು ಕಣ್ ಸಾ!”

ಅಲ್ಲೇ ಇದ್ದ ತರುಣಿಯೂ ನಕ್ಕಳು. ಆಮೇಲೆ ಸುಣ್ಣದ ಗೆರೆಯನ್ನೇ ನೋಡುತ್ತಾ ಹೇಳಿದಳು: “ಇಷ್ಟೇ ಉದ್ದ ಆದ್ರೆ ಹಿಂದಿನಿಂದ ಯಾರಾದ್ರೂ ತಳ್ಬೇಕು ಅಣ್ಣ. ಆಗ್ಲೂ ನಾನು ಬೇರೆಯವರಿಗೆ ಕಾಯೋದೇ ಆಯ್ತು.”

ಉದ್ದವೊಂದನ್ನೇ ಹೆಚ್ಚಿಸಿದರೆ ಸಾಲದು. ಇಳಿಜಾರಿನ ಪಕ್ಕದಲ್ಲಿ ಹಿಡಿದುಕೊಳ್ಳಲು ಹಾಕುವ ಕಂಬಿಯ ಕಂಬಗಳ ಕುಳಿಗಳಿಗೆ ನಾನು ಅಂಕಿಯನ್ನೇ ಬರೆದಿರಲಿಲ್ಲ; ಅವುಗಳ ಅಂತರವನ್ನು ಮೇಸ್ತ್ರಿ ಗೆರೆಯಿಂದಲೇ ಅಳೆಯಬೇಕಿತ್ತು. ಮೇಸ್ತ್ರಿಗೆ ಮರುದಿನದಿಂದ ಅರಕಲಗೂಡಿನಲ್ಲಿ ಬೇರೆ ಕೆಲಸ. “ಮಧ್ಯಾನ್ದೊಳ್ಗೆ ಸರಿಯಾದ್ ಗೆರೆ ಕೊಡಿ, ಇವತ್ತೇ ಕಾಂಕ್ರೀಟ್ ಆಕ್ಬುಡ್ತೀನಿ,” ಎಂದರು. ಲ್ಯಾಪ್‌ಟಾಪನ್ನು ಹೆಗಲಿಗೇರಿಸಿಕೊಂಡು ಚನ್ನರಾಯಪಟ್ಟಣದ ಅದೇ ಜೆರಾಕ್ಸ್ ಅಂಗಡಿಗೆ ಧಾವಿಸಿದೆ.

ಆರೋಪ ಹೊರಿಸುವ ಮುನ್ನ ಆರೋಪಿಯ ಮಾತನ್ನೂ ಕೇಳಬೇಕೆಂದು ಚರ್ಚಾಕೂಟದಲ್ಲಿ ಕಲಿತಿದ್ದೆ. ಮೊದಲ ಅನುಮಾನ ಅಂಗಡಿಯ ಪ್ರಿಂಟರಿನ ಮೇಲೆ. ಪಿಡಿಎಫನ್ನು ಪರದೆಯಲ್ಲೇ ತೆರೆದು ಸ್ಕೇಲಿನಿಂದ ಅಳೆದೆ. ಗಾಲಿ ಅಲ್ಲೂ ಮೊಟ್ಟೆಯೇ. ಪ್ರಿಂಟರು ನಿರ್ದೋಷಿ. ಮೂಲ ಕಡತವನ್ನು ಲೀಗಲ್ ಹಾಳೆಯಲ್ಲಿ ತೆರೆದರೆ ಗಾಲಿ ದುಂಡಗಿತ್ತು. ಪುಟವನ್ನು ಎ-ಫೋರ್‌ಗೆ ಬದಲಿಸಿದೊಡನೆ, ನನ್ನ ಕಣ್ಣೆದುರಿಗೇ ಇಡೀ ಚಿತ್ರ ಪಕ್ಕದಿಂದ ಒತ್ತಿಕೊಂಡಿತು. ಚಿತ್ರದ ಎತ್ತರವನ್ನು ಅಂಗುಲದಲ್ಲಿಯೂ, ಅಗಲವನ್ನು ಪುಟದ ಅಗಲದ ಶೇಕಡಾ ಲೆಕ್ಕದಲ್ಲಿಯೂ ನಾನೇ ನಿಗದಿಪಡಿಸಿದ್ದೆ. ಹಾಳೆ ಕಿರಿದಾದಾಗ ಹನ್ನೆರಡು ಅಂಗುಲದ ಇಳಿಜಾರು ಹತ್ತಕ್ಕೆ ಇಳಿದಿತ್ತು. ಎತ್ತರ ಮಾತ್ರ ಹಾಗೆಯೇ ನಿಂತಿತ್ತು. ತಪ್ಪು ಪಿಡಿಎಫಿನದಲ್ಲ, ನನ್ನದು.

ಎಲ್ಲ ಆಕಾರಗಳನ್ನೂ ಒಂದೇ ಗುಂಪಾಗಿ ಕಟ್ಟಿದೆ. ಎರಡೂ ಅಳತೆಗಳನ್ನು ಅಂಗುಲದಲ್ಲೇ ಕೊಟ್ಟು, ಉದ್ದಗಲಗಳ ಅನುಪಾತ ಬದಲಾಗದಂತೆ ಬೀಗ ಹಾಕಿದೆ. ಎ-ಫೋರ್ ಹಾಳೆಗೆ ಹೊಂದುವಂತೆ ಅಂಗುಲಕ್ಕೆ ಎರಡು ಅಡಿಯಂತೆ ಇಡೀ ನಕ್ಷೆಯನ್ನು ಸಮನಾಗಿ ಕುಗ್ಗಿಸಿದೆ. ಮತ್ತೆ ಪಿಡಿಎಫ್ ಮಾಡಿ, ಪುಟಕ್ಕೆ ಹಿಗ್ಗಿಸದೆ ಕುಗ್ಗಿಸದೆ ಇದ್ದ ಅಳತೆಯಲ್ಲೇ ಮುದ್ರಿಸಿದೆ. ಗಾಲಿಯನ್ನು ಅಡ್ಡಡ್ಡ ಅಳೆದರೂ ಉದ್ದುದ್ದ ಅಳೆದರೂ ಸರಿಯಾಗಿ ಒಂದು ಅಂಗುಲ.

ಮಧ್ಯಾಹ್ನಕ್ಕೆ ಮೊದಲೇ ಊರು ತಲುಪಿದೆ. ಮೇಸ್ತ್ರಿ ಹೊಸ ಗೆರೆಯ ಮೇಲೆ ದಾರ ಹಿಡಿದರು: ಒಂಬತ್ತು ಅಂಗುಲ, ಅಂದರೆ ಹದಿನೆಂಟು ಅಡಿ. “ಈಗ ಅಂಕಿನೂ ಗೆರೆನೂ ರಾಜಿ ಆದ್ವು ಬುಡಿ ಸಾ,” ಎಂದು ಗೂಟ ಕಿತ್ತು ಮೂರು ಅಡಿ ಆಚೆಗೆ ಹೊಡೆದರು. ಕಾಲೇಜಿನಲ್ಲಿ ಗೆದ್ದ ಯಾವ ಪಾರಿತೋಷಕವೂ ನನಗೆ ಅಷ್ಟು ಹೆಮ್ಮೆ ಕೊಟ್ಟಿರಲಿಲ್ಲ.

ಕಾಂಕ್ರೀಟು ಗಟ್ಟಿಯಾಗಿ, ಪಕ್ಕದ ಕಂಬಿ ನಿಂತ ಮೇಲೆ ಅವಳು ಬಂದಳು. ಅಭ್ಯಾಸಬಲದಿಂದ ನಾಲ್ಕಾರು ಕೈಗಳು ಕುರ್ಚಿಯ ಹಿಂದೆ ಚಾಚಿದವು. “ಯಾರೂ ಮುಟ್ಬೇಡಿ!” ಎಂದು ಗದರಿಕೊಂಡಳು. ನಡುವೆ ಒಮ್ಮೆ ನಿಂತು ಉಸಿರು ತೆಗೆದುಕೊಂಡು, ಮತ್ತೆ ಗಾಲಿ ಉರುಳಿಸಿ ಒಳಗೆ ಹೋದಳು. ಬೀರುವಿನ ಬಾಗಿಲನ್ನು ತಾನೇ ತೆರೆದಳು. ಎರಡು ಗಂಟೆಯ ಕಾಲ ಹೊರಗೆ ಬರಲೇ ಇಲ್ಲ.

ಓದುಗರಲ್ಲಿ ನನ್ನದೊಂದೇ ಕೋರಿಕೆ. ನೀವು ಕಳುಹಿಸುವ ಪ್ರತಿಯೊಂದು ನಕ್ಷೆಯ ಮೂಲೆಯಲ್ಲಿ ಒಂದು ಅಂಗುಲದ ವೃತ್ತ ಬರೆಯಿರಿ; ಪಿಡಿಎಫ್ ಆದ ಮೇಲೆ ಮುದ್ರಿಸಿ, ಅದನ್ನು ಅಡ್ಡಕ್ಕೂ ಉದ್ದಕ್ಕೂ ಅಳೆದು ನೋಡಿ, ಆಮೇಲೆ ಕಳುಹಿಸಿ.