ಕೊಸರು ಯಾರಿಗೆ?

ವ್ಯಾಪಾರ ಕುದುರಿ ಹಸುವಿನ ಹಗ್ಗ ನನ್ನ ಕೈಗೆ ಬಂದಿತ್ತು. ತೊಣ್ಣೂರು ಕೆರೆಯಿಂದ ಎದ್ದ ಬೆಳಗಿನ ಮಂಜು, ಹಸು ಮಾರಿದ ಸಾಕಮ್ಮಜ್ಜಿಯ ಅಂಗಳದವರೆಗೂ ಹರಡಿತ್ತು. ಬೀದಿಯಲ್ಲಿ ಕಾಯುತ್ತಿದ್ದ ನಮ್ಮ ಟೆಂಪೊ ಯಾರದೋ ಕನಸಿನೊಳಗೆ ನಿಂತಂತೆ ಮಸುಕಾಗಿ ಕಾಣುತ್ತಿತ್ತು.

ಒಂದು ಕಂತೆ ಸೊಪ್ಪು ಕೊಂಡರೂ ಕೊಸರು ಕೇಳುವ ಬಾಯಿ ನನ್ನದು. "ಬೆಲೇಲಂತೂ ನೀನು ಬಗ್ಗಲಿಲ್ಲ. ಕೊಸರು ಅಂತ ಏನಾರ ಕೊಡವ್ವ," ಅಂದೆ. ಹಸುವಿನ ಕೊರಳ ಗಂಟೆಯ ಮೇಲೆ ನನ್ನ ಕಣ್ಣಿತ್ತು.

ಅಜ್ಜಿ ಒಳಗೆ ಹೋಗಿ ಒಂದು ಅಚ್ಚು ಬೆಲ್ಲ ತಂದರು. ನಾನು ಅಂಗೈ ಚಾಚಿದೆ. ಅವರು ನನ್ನ ಕೈ ದಾಟಿ ಹೋಗಿ ಬೆಲ್ಲವನ್ನು ಹಸುವಿನ ಬಾಯಿಗೆ ಹಿಡಿದರು.

"ನಿಂಗಲ್ಲ ಕಣವ್ವ, ಇವ್ಳಿಗೆ. ಯಾಪಾರ ನಾವಿಬ್ರೂ ಮಾಡ್ಕಂಡೊ. ಊರು ಬುಟ್ಟು ಓಗೋಳು ಇವ್ಳು. ಇವ್ಳನ್ನ ಯಾರು ಕೇಳುದ್ರು?"

ಬೆಲ್ಲದ ಕೈಯನ್ನು ಹಾಗೇ ಚಾಚಿಕೊಂಡು ಅಜ್ಜಿ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟರು. ಹಸು ಆ ಕೈ ನೆಕ್ಕುತ್ತಾ ಜೊತೆಗೇ ನಡೆಯಿತು. ಮಂಜಿನಲ್ಲಿ ತೇಲಿದಂತೆ ಇಬ್ಬರೂ ಟೆಂಪೊ ತಲುಪಿದರು. ನನ್ನ ಕೈಯಲ್ಲಿದ್ದ ಹಗ್ಗ ಒಮ್ಮೆಯೂ ಬಿಗಿಯಾಗಲಿಲ್ಲ. ಗಂಟೆಯ ಆಸೆ ನನಗೆ ಮರೆತೇ ಹೋಗಿತ್ತು.

ಈಗ ಪಾಲಹಳ್ಳಿಯ ನಮ್ಮ ಕೊಟ್ಟಿಗೆಗೆ ದಿನಾ ಬೆಳಿಗ್ಗೆ ನಾನೇ ಬೆಲ್ಲ ಹಿಡಿದು ಹೋಗುತ್ತೇನೆ. ಅವಳು ತಿನ್ನುತ್ತಾಳೆ. ಆದರೆ ಬಾಯಿ ಹಾಕುವ ಮುನ್ನ ತಲೆಯೆತ್ತಿ ನನ್ನ ಬೆನ್ನ ಹಿಂದೆ ಒಮ್ಮೆ ನೋಡುತ್ತಾಳೆ. ನನ್ನ ಅವಳ ವ್ಯಾಪಾರ ಇನ್ನೂ ಕುದುರಿಲ್ಲ.