ಮೂವರು ಯಜಮಾನರು, ಒಂದೇ ಮಷೀನು

ಮ್ಯಾನೇಜರ್ ಸಾಹೇಬರು ಮೊದಲೇ ಹೇಳಿಬಿಟ್ಟಿದ್ದರು: ನೀವು ಕಟ್ಟುತ್ತಿರುವ ಈ ಕ್ಲಸ್ಟರ್ ಎದ್ದು ನಿಲ್ಲದಿದ್ದರೆ ಎಲ್ಲವನ್ನೂ ಹೊರಗಿನ ದೊಡ್ಡ ಕಂಪನಿಯ ಕ್ಲೌಡಿಗೆ ಒಪ್ಪಿಸಿಬಿಡುವುದು. ಆಮೇಲೆ ವಿಮಾನ ನಗರದ ನಮ್ಮ ಆಫೀಸಿಗೆ ಸ್ವಂತ ಮಷೀನ್ ರೂಮ್ ಯಾಕೆ, ಅದರೊಳಗೆ ಸ್ವೆಟರ್ ಹಾಕಿಕೊಂಡು ಕೂರುವ ನಾವಿಬ್ಬರು ಯಾಕೆ? ಇದನ್ನವರು ಮರಾಠಿಯಲ್ಲಿ, ಚಹಾ ಕುಡಿಯುತ್ತಾ, ನಗುತ್ತಾ ಹೇಳಿದರು. ನಗುತ್ತಾ ಹೇಳಿದ್ದಕ್ಕೇ ನನಗೆ ಹೆಚ್ಚು ಭಯವಾಯಿತು.

ಆ ಕ್ಲಸ್ಟರ್ ನಡೆಯುವುದು ಕುಬರ್ನೆಟಿಸ್ ಮೇಲೆ; ಅಂದರೆ ಹಲವು ಮಷೀನುಗಳನ್ನು ಒಂದು ಗುಂಪಾಗಿ ದುಡಿಸುವ ವ್ಯವಸ್ಥೆ. ಒಂದು ಬಿದ್ದರೆ ಅದರ ಕೆಲಸ ಇನ್ನೊಂದರ ಮೇಲೆ ಏಳಬೇಕು. ಯಾರು ಎಲ್ಲಿ ದುಡಿಯಬೇಕೆಂದು ಹೇಳಲಿಕ್ಕೆ ಮೂವರು ಯಜಮಾನರಿರುತ್ತಾರೆ; ಮನುಷ್ಯರಲ್ಲ, ಪ್ರೋಗ್ರಾಮುಗಳು. ಒಬ್ಬ ಹೋದರೆ ಉಳಿದಿಬ್ಬರು ಸಂಭಾಳಿಸಲಿ ಎಂದು ಮೂವರು. ಅವರನ್ನು ಬೇರೆ ಬೇರೆ ಮಷೀನುಗಳ ಮೇಲೆ ಇಡುವ ಆಯ್ಕೆಗೆ ಕ್ಲಸ್ಟರ್ ಕಟ್ಟುವ ನಮ್ಮ ಪೋರ್ಟಲ್ ತಾನಾಗಿಯೇ ಟಿಕ್ ಹಾಕಿತ್ತು. ನಾನು ಅದನ್ನು ತೆಗೆದೆ. ಮಷೀನುಗಳನ್ನು ಜೋಡಿಸಿಟ್ಟ ರಾಕಿನ ತಳದ ಮಷೀನೊಂದು ಎಂದೂ ಕೈಕೊಟ್ಟಿರಲಿಲ್ಲ, ಉಳಿದವುಗಳ ಮೇಲೆ ನನಗೆ ಸಂಶಯ. ಮೂವರನ್ನೂ ಅದರ ಮೇಲೇ ಕೂರಿಸಿದೆ. ಅಷ್ಟು ಜಾಗರೂಕ ಮನುಷ್ಯ ನಾನು.

ಪರದೆಯೆಲ್ಲ ಹಸಿರಾಯಿತು. ಪರೀಕ್ಷೆಗೆಂದು ಆಫೀಸ್ ಬಸ್ಸು ಎಲ್ಲಿದೆ ಎಂದು ತೋರಿಸುವ ವೆಬ್ ಪುಟವನ್ನು ಅದರ ಮೇಲೆ ಏರಿಸಿದೆವು. ವಾಕಡದ ಬಸ್ಸು ಯೆರವಡಾ ದಾಟಿದೆ ಎಂದು ಅದು ತೋರಿಸಿತು. ಆಗ ಬೆಳಗಾವಿ ಕಡೆಯ ನನ್ನ ಸಹೋದ್ಯೋಗಿ, ಸುಲಭಕ್ಕೆ ಹೆದರದ ಹೆಣ್ಣುಮಗಳು, ಪರದೆಯತ್ತ ಬಗ್ಗಿದರು.

“ಸರ, ಮೂರನ್ನೂ ಒಂದ ಮಷೀನಿನ ಮ್ಯಾಲೆ ಕೂಡಿಸೀರಲ್ರಿ?”

“ಅದು ಭಾಳ ಗಟ್ಟಿ ಅದರಿ.”

“ಗಟ್ಟಿ ಅದ, ಖರೆ. ಬಿತ್ತಂದ್ರ?”

ಓಡುತ್ತಿರುವುದನ್ನು ಈಗ ಮುಟ್ಟುವುದು ಬೇಡ, ಸಾಹೇಬರು ನೋಡಿ ಹೋಗಲಿ, ಆಮೇಲೆ ಬೇರೆ ಮಾಡೋಣ ಅಂದೆ. ಅಷ್ಟರಲ್ಲಿ ಬಾಗಿಲು ತೆರೆಯಿತು.

ಸಾಹೇಬರು ಪುಟ ನೋಡಿ ತಲೆಯಾಡಿಸಿದರು. ಒಂದು ಮಷೀನಿನ ವಯರು ಕಿತ್ತು ನೋಡೋಣ ಅಂದರು. ನಾನು ಮೇಲಿನದೊಂದಕ್ಕೆ ಕೈ ಹಾಕಿದೆ. ಅದಲ್ಲ, ನಿಮಗೆ ಎಲ್ಲಕ್ಕಿಂತ ಭರವಸೆ ಇರುವುದನ್ನು ಕೀಳಿ ಅಂದರು. ಸುಳ್ಳು ಹೇಳಬಹುದಿತ್ತು. ಆದರೆ ದಸರೆಗೆ ನಾನು ಕುಂಕುಮ ಹಚ್ಚಿದ್ದು ಅದೊಂದಕ್ಕೇ. ಅದು ಇನ್ನೂ ಅಳಿಸಿರಲಿಲ್ಲ. ಸಾಹೇಬರ ಕಣ್ಣು ಆಗಲೇ ಅದರ ಮೇಲೆ ನಿಂತಿತ್ತು.

ಅದರ ಎರಡೂ ಕರೆಂಟ್ ವಯರು ಕಿತ್ತೆ. ಫ್ಯಾನಿನ ಸದ್ದು ಇಳಿಯುತ್ತಾ ಇಳಿಯುತ್ತಾ ನಿಂತುಹೋಯಿತು.

ಪುಟ ಹಾಗೇ ಇತ್ತು. ಸಾಹೇಬರು ರಿಫ್ರೆಶ್ ಮಾಡಿದರು; ಬಸ್ಸು ಮುಂದಿನ ಸ್ಟಾಪಿಗೆ ಬಂದಿತ್ತು. ಛಾನ್, ಭಾಳ ಚೆಂದ ಎಂದು ನನ್ನ ಬೆನ್ನು ತಟ್ಟಿದರು. ಪುಟಕ್ಕಾಗಿ ದುಡಿಯುವವರೆಲ್ಲ ಬೇರೆ ಮಷೀನುಗಳ ಮೇಲಿದ್ದರು. ಯಜಮಾನರು ಸತ್ತದ್ದು ಗೊತ್ತಿಲ್ಲದವರ ಹಾಗೆ, ಕೊನೆಯದಾಗಿ ಹೇಳಿಸಿಕೊಂಡ ಕೆಲಸವನ್ನೇ ಮಾಡಿಕೊಂಡಿದ್ದರು.

ಬಾಗಿಲ ಹತ್ತಿರ ಸಾಹೇಬರು ತಿರುಗಿ ನಿಂತರು. ಊಟವಾದ ಮೇಲೆ ಡೈರೆಕ್ಟರರನ್ನು ಕರೆತರುತ್ತೇನೆ, ಅವರೆದುರು ಈ ಪುಟದ ಇನ್ನಷ್ಟು ಪ್ರತಿಗಳನ್ನು ಏಳಿಸಿ ತೋರಿಸಿ ಅಂದರು. ಹೋ ಸರ್, ಆಗಲಿ ಅಂದೆ. ಹೊಸ ಪ್ರತಿ ಏಳಬೇಕಾದರೆ ಯಜಮಾನರ ಅಪ್ಪಣೆ ಬೇಕು, ಯಜಮಾನರೇ ಇರಲಿಲ್ಲ.

ಸಾಹೇಬರು ಹೋದದ್ದೇ ಸಹೋದ್ಯೋಗಿ ವಯರುಗಳನ್ನು ಮತ್ತೆ ತುರುಕಿದರು. ಫ್ಯಾನು ಗರ್ ಎಂದಿತು. ಮೂವರು ಯಜಮಾನರೂ ಒಂದೇ ಗಳಿಗೆಯಲ್ಲಿ ಹೋದವರು. ಎದ್ದರೂ ಅವರಿಗೆ ಏನು ನೆನಪಿರುತ್ತದೋ ಯಾರು ಬಲ್ಲರು. ಯಜಮಾನರು ಎದ್ದಿದ್ದಾರೋ ಎಂದು ಕೇಳುವ ಕಮಾಂಡ್ ಟೈಪು ಮಾಡಿದೆ. ಉತ್ತರ ಬರಲಿಲ್ಲ. ಮತ್ತೆ ಮಾಡಿದೆ. ಹೊರಗೆ ಕಾರಿಡಾರಿನಲ್ಲಿ ಊಟದ ಡಬ್ಬಿಗಳು ತೆರೆಯುವ ಸದ್ದು ಶುರುವಾಯಿತು.