ತಾತನಿಗೆ ಕೂಡಿಸಿದ ಎರಡು ಮೈಲಿ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಪದಗಳೂ ಬೇಕೆಂದಾಗ ಸಿಗುವುದಿಲ್ಲ. ಹತ್ತನೆಯ ತರಗತಿಗೇ ಶಾಲೆ ಬಿಟ್ಟವಳು, ಕ್ಷಮಿಸಿ. ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಮೂರು ಬೇಸಿಗೆಯಿಂದ ಇರುವ ಕಾರ್ಬಿನ್ ಟ್ಯಾಕೆಟ್ ಹೇಳಿದ್ದನ್ನು ಎರಡೆರಡು ಸಲ ಕೇಳಿ ಬರೆದಿದ್ದೇನೆ.

ಕಾರ್ಬಿನ್‌ಗೆ ಕುಳಿತಲ್ಲಿ ಕೂರಲಾಗದು. ಊಟದ ನಡುವೆಯೂ ಎದ್ದು ಕಿಟಕಿಯವರೆಗೆ ಹೋಗಿ ಬರುತ್ತಾನೆ. ಹತ್ತೊಂಬತ್ತಕ್ಕೆ ಕೆಂಟಕಿ ಬಿಟ್ಟು ಬೇಸ್‌ಬಾಲ್ ಎಸೆಯಲು ಹೊರಟವನಿಗೆ ಈಗ ಇಪ್ಪತ್ತೇಳು. ಐದು ಊರು ತಿರುಗಿದರೂ ಕೆಳಗಿನ ಲೀಗ್ ದಾಟಲಿಲ್ಲ. ಅಯೋವಾದ ನಮ್ಮೂರ ತಂಡದಲ್ಲಿ ಉಳಿದವರೆಲ್ಲ ಇನ್ನೂ ಚಿಕ್ಕ ಹುಡುಗರು, ಅವನನ್ನು ತಾತ ಎನ್ನುತ್ತಾರೆ.

ಜುಲೈನಲ್ಲಿ ಮೊಣಕೈ ನೋಯತೊಡಗಿತು. ಅವನು ಬಾಯಿಬಿಡಲಿಲ್ಲ. ತಂಡ ಕೈಬಿಟ್ಟರೆ ಈ ವಯಸ್ಸಿನವನನ್ನು ಮತ್ತೆ ಯಾರೂ ಕರೆಯುವುದಿಲ್ಲ.

ನಾಳೆ ಎಸೆಯಬೇಕಾದವನು ಇವತ್ತು ಪ್ರೇಕ್ಷಕರ ನಡುವೆ ಕುಳಿತು, ಯಂತ್ರದಲ್ಲಿ ಪ್ರತಿ ಎಸೆತದ ವೇಗ ಗಂಟೆಗೆ ಎಷ್ಟು ಮೈಲಿ ಎಂದು ನೋಡಿ ಹಾಳೆಯಲ್ಲಿ ಬರೆಯುವುದು ಅವರ ರೂಢಿ. ಶನಿವಾರ ಆ ಸರದಿ ತಂಡದ ಇನ್ನೊಬ್ಬ ಎಸೆತಗಾರ ಎಲ್ಪಿಡಿಯೊನದು. ಆಟಕ್ಕೆ ಮುಂಚೆ ಕಾರ್ಬಿನ್ ಅವನನ್ನು ಹಿಡಿದುಕೊಂಡ.

"ಪ್ರತಿಯೊಂದಕ್ಕೂ ಎರಡು ಮೈಲಿ ಜಾಸ್ತಿ ಬರಿಯೋ."

"ಎರಡ್ಯಾಕೆ ತಾತ, ಇಪ್ಪತ್ತು ಬರೀತೀನಿ. ನಾಳೆನೇ ದೊಡ್ಡ ಲೀಗ್‌ನೋರು ಕಾರು ಕಳಿಸ್ತಾರೆ!"

"ತಮಾಷೆ ಬೇಡ ಕಣೋ. ಎರಡೇ."

ಆಟದ ನಡುವೆ ಆಗಾಗ ಹಾಳೆ ತರಿಸಿ ನೋಡುವ ಮ್ಯಾನೇಜರ್ ಡೀಟ್ಸ್, ವೇಗ ಕುಸಿದ ಕೂಡಲೇ ಎಸೆಯುವವನನ್ನು ಹೊರಗೆ ಕರೆಯುವುದು ವಾಡಿಕೆ. ಅಂದು ಹಾಳೆಯಲ್ಲಿ ವೇಗ ಕುಸಿಯಲೇ ಇಲ್ಲ. ಆಟದ ಒಂಬತ್ತು ಇನ್ನಿಂಗ್ಸ್‌ನಲ್ಲಿ ಐದು ಮುಗಿಸಿ ಕಾರ್ಬಿನ್ ಬೆಂಚಿನ ಮುಂದೆ ಅತ್ತಿಂದಿತ್ತ ಅಡ್ಡಾಡುತ್ತಿದ್ದಾಗ ಡೀಟ್ಸ್ ಬೆನ್ನು ತಟ್ಟಿದ. "ಇವತ್ತು ನಿನ್ನ ಕೈ ಬೆಂಕಿ ಕಣಯ್ಯಾ! ಇನ್ನೆರಡು ಇನ್ನಿಂಗ್ಸ್ ಎಸಿ."

ಕಾರ್ಬಿನ್ ಕೈಗವಸು ತೊಟ್ಟು ಮತ್ತೆ ಮೈದಾನಕ್ಕಿಳಿದ.

ಏಳನೆಯದರ ಮೂರನೇ ಎಸೆತಕ್ಕೆ ಮೊಣಕೈಯೊಳಗೆ ಒದ್ದೆ ಬಟ್ಟೆ ಹರಿದಂತಾಯಿತು. ಚೆಂಡು ಎತ್ತಲೋ ಹೋಯಿತು. ಡೀಟ್ಸ್ ಅವನನ್ನು ಹೊರಗೆ ಕರೆತಂದು ಹಾಳೆ ಕೈಗೆತ್ತಿಕೊಂಡ.

"ಇಂಥ ಕೈಗೆ ಇಷ್ಟು ವೇಗನಾ? ಆ ಎಲ್ಪಿಡಿಯೊಗೆ ಕಣ್ಣು ಕಾಣಲ್ವಾ? ಇವತ್ತೇ ಅವನ ಗಂಟುಮೂಟೆ ಕಟ್ಟಿಸ್ತೀನಿ!"

ಸುಮ್ಮನಿದ್ದರೆ ಕಾರ್ಬಿನ್ ತಂಡದ ಗಾಯಾಳುಗಳ ಪಟ್ಟಿಯಲ್ಲಾದರೂ ಉಳಿಯುತ್ತಿದ್ದ. ಅವನಿಗೂ ಅದು ಹೊಳೆಯಿತಂತೆ.

"ಬರೆಸಿದ್ದು ನಾನು. ಮೂರು ವಾರದಿಂದ ನೋವಿದೆ."

"ಮೊದಲೇ ಹೇಳಿದ್ರೆ ಹದಿನೈದು ದಿನ ಕೂರಿಸಿ ಕಾಯ್ತಿದ್ದೆನಲ್ಲೋ, ಕತ್ತೆ!" ಎಂದ ಡೀಟ್ಸ್. ಅವನ ದನಿ ಇಳಿದಿತ್ತು.

ಸೋಮವಾರ ಕಾರ್ಬಿನ್‌ನನ್ನು ತಂಡದಿಂದ ತೆಗೆದರು. ಎಲ್ಪಿಡಿಯೊ ಉಳಿದ. ಈಗ ಮಹಡಿಯಲ್ಲಿ ಕಾರ್ಬಿನ್ ಒಂದೇ ಕೈಯಲ್ಲಿ ಪೆಟ್ಟಿಗೆ ತುಂಬುತ್ತಾನೆ, ಮತ್ತೆ ಎಲ್ಲ ಹೊರಗೆ ತೆಗೆಯುತ್ತಾನೆ.

ನಾಳೆ ಬೆಳಿಗ್ಗೆ ಎಂಟಕ್ಕೆ ಅಪ್ಪನ ಗಾಡಿಯಲ್ಲಿ ಅವನನ್ನು ಬಸ್ ನಿಲ್ದಾಣಕ್ಕೆ ಬಿಟ್ಟುಬರುತ್ತೇನೆ.